ಹಾಡಿದ್ದು ಯಾರು, ಹೆಸರು ಬಂದಿದ್ದು ಯಾರಿಗೆ?

ಸಿನಿಮಾ ಹಾಡು, ಹಾಡುಗಾರರ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಜಗಳ. ಹೆಸರು ಮಾಡಿದವರಿಗೆಲ್ಲ ಪ್ರತಿಭೆ ಇದೆಯಾ? ಪ್ರತಿಭೆ ಇದ್ದವರಿಗೆಲ್ಲ ಯಾಕೆ ಹೆಸರು ಬರಲ್ಲ? ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದೊಂದನ್ನೇ ಹಿಡಿದುಕೊಂಡು ಕೂತಿದ್ದೇನೆ.

ಊಟಕ್ಕೆ ಕೂತಾಗೆಲ್ಲ ನನಗೂ ಅಪ್ಪನಿಗೂ ಇದೇ ವಾದ. ಕೋಟಿ ಜನ ಕೇಳಿದ ಹಾಡು ಅಂದ ಮೇಲೆ ಅದರಲ್ಲಿ ಏನೋ ಇದ್ದೇ ಇರುತ್ತೆ ಅಂತ ನಾನು. ಜನಕ್ಕೇನು ಗೊತ್ತು, ಒಬ್ಬ ಹೋದ ಕಡೆ ಎಲ್ಲರೂ ಹೋಗ್ತಾರೆ ಅಂತ ಅಪ್ಪ. ಯಾರು ಸರಿ?
— ಓದುಗ, ದಾವಣಗೆರೆ

ಬೇಜಾರು ಮಾಡ್ಕೋಬೇಡಿ, ಅಪ್ಪನಿಗೆ ಸ್ವಲ್ಪ ಜಾಸ್ತಿ ಅಂಕ ಕೊಡಬೇಕಾಗಿದೆ. ಪೂರ್ತಿ ಅಲ್ಲ.

ನಿಮ್ಮ ಮನೆ ಜಗಳವನ್ನೇ ಅಮೆರಿಕದಲ್ಲಿ ಮೂವರು ಸಂಶೋಧಕರು ಪರೀಕ್ಷೆಗೆ ಹಚ್ಚಿದ್ದರು. ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಅಂತ ಅವರ ಹೆಸರು, ಕೊಲಂಬಿಯಾ ವಿಶ್ವವಿದ್ಯಾಲಯದವರು. 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಯಾರೂ ಕೇಳಿರದ ತಂಡಗಳ 48 ಹಾಡುಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟರು. 14,341 ಜನ ಬಂದು ಕೇಳಿದರು, ಇಷ್ಟವಾದದ್ದನ್ನು ಡೌನ್‌ಲೋಡ್ ಮಾಡಿಕೊಂಡರು. ಒಂದು ಗುಂಪಿನವರಿಗೆ ಬರೀ ಹಾಡು ಕೊಟ್ಟರು. ಬೇರೆಯವರು ಏನು ಆರಿಸಿದರು ಅನ್ನೋದು ಇವರಿಗೆ ಗೊತ್ತಿಲ್ಲ. ಉಳಿದವರನ್ನು ಎಂಟು ಗುಂಪು ಮಾಡಿ, ಪ್ರತಿ ಹಾಡಿನ ಪಕ್ಕದಲ್ಲಿ ತಮ್ಮ ಗುಂಪಿನ ಎಷ್ಟು ಜನ ಅದನ್ನು ಇಳಿಸಿಕೊಂಡಿದ್ದಾರೆ ಅನ್ನೋ ಲೆಕ್ಕ ಕಾಣೋ ಹಾಗೆ ಮಾಡಿದರು.

ಈಗ ಮಜಾ ನೋಡಿ. ಹಾಡುಗಳು ಅವೇ 48. ಆದರೆ ಒಂದೊಂದು ಗುಂಪಿನಲ್ಲಿ ಒಂದೊಂದು ಹಾಡು ಸೂಪರ್ ಹಿಟ್. ಲೆಕ್ಕ ಕಾಣದೆ ಕೇಳಿದವರು 26ನೇ ಸ್ಥಾನದಲ್ಲಿಟ್ಟಿದ್ದ ಹಾಡೊಂದು ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದಾಯಿತು. ಆ ಹಾಡು ಹಾಡಿದವರ ಪ್ರತಿಭೆ ಎರಡೂ ಕಡೆ ಒಂದೇ ಅಲ್ವಾ? ಶುರುವಿನಲ್ಲಿ ನಾಲ್ಕು ಜನ ಯಾವುದನ್ನು ಒತ್ತಿದರೋ ಅದರ ಹಿಂದೆ ಉಳಿದವರು ಹೋದರು. ಗೊತ್ತಿಲ್ಲದ ಊರಿಗೆ ಹೋದಾಗ ನಾವೂ ಜನ ತುಂಬಿರೋ ಹೋಟೆಲಿಗೇ ನುಗ್ಗುತ್ತೇವೆ, ಪಕ್ಕದ ಖಾಲಿ ಹೋಟೆಲಿನಲ್ಲಿ ದೋಸೆ ಇನ್ನೂ ಚೆನ್ನಾಗಿರಬಹುದು, ಯಾರು ನೋಡ್ತಾರೆ.

ನಿಮ್ಮ ಪರವಾಗಿಯೂ ಅದರಲ್ಲಿ ಒಂದು ಮಾತಿದೆ. ಲೆಕ್ಕ ಕಾಣದೆ ಕೇಳಿದವರು ತುಂಬಾ ಚೆನ್ನಾಗಿದೆ ಅಂದ ಹಾಡು ಯಾವ ಗುಂಪಿನಲ್ಲೂ ಪೂರ್ತಿ ಮುಳುಗಿದ್ದು ಅಪರೂಪ. ತೀರಾ ಕೆಟ್ಟದ್ದು ಮೇಲೆ ಬಂದದ್ದೂ ಅಪರೂಪ. ನಡುವೆ ಇದ್ದವೆಲ್ಲ ಹೇಗೆ ಬೇಕಾದರೂ ಆದವು. ಸುಮಾರಾಗಿ ಹಾಡುವ ಸಾವಿರ ಜನರಲ್ಲಿ ಒಬ್ಬರು ಮಾತ್ರ ಪೋಸ್ಟರಿನಲ್ಲಿ ಯಾಕೆ ಕಾಣ್ತಾರೆ ಅಂತ ನನಗಿದ್ದ ಅನುಮಾನಕ್ಕೆ ಇದಕ್ಕಿಂತ ಸರಿಯಾದ ಉತ್ತರ ಸಿಕ್ಕಿಲ್ಲ. ಅಪ್ಪನಿಗೆ ಓದಿ ಹೇಳಿ. ಕೊನೆಯ ಭಾಗ ಬಿಟ್ಟು ಓದಬೇಡಿ, ಪೂರ್ತಿ ಓದಿ.

ಕೋಪ ಮಾಡ್ಕೋಬೇಡಿ. ಅಣ್ಣಾವ್ರು ಹೀರೋ ಆಗಿರದಿದ್ದರೆ ಅವರನ್ನು ಯಾರಾದರೂ ಗಾಯಕ ಅಂತ ಒಪ್ಪುತ್ತಿದ್ದರಾ?
— ಓದುಗ, ಮಂಡ್ಯ

ಮಂಡ್ಯದಲ್ಲಿ ಕೂತು ಈ ಪ್ರಶ್ನೆ ಬರೆದ ಧೈರ್ಯಕ್ಕೆ ಮೊದಲು ಶಹಬ್ಬಾಸ್.

ಕಥೆ ಹೀಗಿದೆ. ರಾಜ್‌ಕುಮಾರ್ ಬೆಳೆದದ್ದು ನಾಟಕ ಕಂಪನಿಯಲ್ಲಿ. ಅಪ್ಪ ಪುಟ್ಟಸ್ವಾಮಯ್ಯನವರೂ ರಂಗನಟರು. ಗುಬ್ಬಿ ಕಂಪನಿಯಂಥ ಕಡೆ ಪಾತ್ರ ಬೇಕು ಅಂದರೆ ಹಾಡಲೇಬೇಕಿತ್ತು, ಅದೂ ಕಟ್ಟಕಡೆಯ ಸಾಲಿನವರಿಗೆ ಕೇಳೋ ಹಾಗೆ. ಆ ಗಂಟಲು ಸಿನಿಮಾಕ್ಕೆ ಬಂದ ಮೇಲೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಸುಮ್ಮನಿತ್ತು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿ ಜೊತೆ ಒಂದು ಯುಗಳ ಗೀತೆ ಹಾಡಿದ್ದುಂಟು, ಅಂಥ ಒಂದೆರಡು ಬಿಟ್ಟರೆ ಪರದೆ ಮೇಲೆ ಅವರು ಬಾಯಿ ಆಡಿಸಿದ್ದು ಬಹುಪಾಲು ಪಿ.ಬಿ. ಶ್ರೀನಿವಾಸ್ ದನಿಗೆ. ‘ಬಂಗಾರದ ಮನುಷ್ಯ’ದ ‘ನಗುನಗುತಾ ನಲಿ’ ಕೇಳುವಾಗ ಅದು ಕಾಕಿನಾಡದಲ್ಲಿ ಹುಟ್ಟಿದವರೊಬ್ಬರು ಹಾಡಿದ್ದು ಅಂತ ಯಾರಿಗಾದರೂ ನೆನಪಾಗುತ್ತಾ? ಕನ್ನಡಿಗರ ತಲೆಯಲ್ಲಿ ಆ ದನಿ ರಾಜ್ ಅವರದ್ದೇ ಆಗಿಹೋಗಿತ್ತು.

1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಜಿ.ಕೆ. ವೆಂಕಟೇಶ್ ಸಂಗೀತ. ಎಮ್ಮೆ ಮೇಲೆ ಕೂತು ಹಾಡುವ ‘ಯಾರೇ ಕೂಗಾಡಲಿ’ಯನ್ನು ರಾಜ್ ತಾವೇ ಹಾಡಿದರು. ಅದೇ ವರ್ಷದ ‘ಎರಡು ಕನಸು’ ಚಿತ್ರದಲ್ಲಿ ಅವರಿಗೆ ಪಿಬಿಎಸ್ ಹಾಡಿದ ‘ಎಂದೆಂದೂ ನಿನ್ನನು ಮರೆತು’ ಇದೆ. ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳಿ. ಪಿಬಿಎಸ್ ಮೈಕಿಗೆ ತೀರಾ ಹತ್ತಿರ ನಿಂತು ನಿಮ್ಮೊಬ್ಬರಿಗೇ ಹೇಳುವವರ ಹಾಗೆ ಹಾಡುತ್ತಾರೆ, ಕೆಳಗಿನ ಸ್ವರದಲ್ಲಿ ಅವರಿಗಿರೋ ಮೆದುತನ ಇನ್ನೊಬ್ಬರಿಗಿಲ್ಲ. ರಾಜ್ ಗಂಟಲು ಬಿಚ್ಚಿ, ಬಯಲಲ್ಲಿ ನಿಂತವರ ಹಾಗೆ ಕೂಗಿ ಹಾಡುತ್ತಾರೆ. ಎಮ್ಮೆ ಮೇಲೆ ಕೂತವನಿಗೆ ಎರಡನೆಯದೇ ಸರಿ. ಅಲ್ಲಿ ಗೆದ್ದದ್ದು ಕಂಪನಿ ನಾಟಕದ ಗಂಟಲು.

ಅಭಿಮಾನ ಇಲ್ಲದೇ ಇದ್ದಿದ್ದರೆ ಆ ಒಂದು ಹಾಡಾದ ಮೇಲೆ ಎರಡನೆಯದು ಸಿಗುತ್ತಿತ್ತಾ? ಸಿಗುತ್ತಿರಲಿಲ್ಲವೇನೋ. ಹೀರೋ ತಾನೇ ಹಾಡ್ತಾನೆ ಅನ್ನೋದೇ ಟಿಕೆಟ್ ಮಾರುವ ಸುದ್ದಿ. ಅಷ್ಟರ ಮಟ್ಟಿಗೆ ನಿಮ್ಮ ಅನುಮಾನ ಸರಿ. ಆದರೆ ಖ್ಯಾತಿ ಅವರಿಗೆ ಮೈಕು ಕೊಡಿಸಿತು, ಹಾಡಿದ್ದು ಖ್ಯಾತಿಯಲ್ಲ. 1992ರ ‘ಜೀವನ ಚೈತ್ರ’ದ ‘ನಾದಮಯ’ ಕೇಳಿದರೆ ಗೊತ್ತಾಗುತ್ತೆ. ತೋಡಿ ರಾಗ, ಉಪೇಂದ್ರ ಕುಮಾರ್ ಸಂಗೀತ, ಹಾಡುವವರಿಗೆ ಅರವತ್ತು ದಾಟಿದೆ. ಉಸಿರು ಎಲ್ಲಿ ತಗೊಂಡರು ಅಂತ ಹುಡುಕುತ್ತಾ ಕೇಳಿ, ಕಷ್ಟ ಇದೆ. ರಾಷ್ಟ್ರ ಪ್ರಶಸ್ತಿ ಬಂದಿದ್ದು ಈ ಹಾಡಿಗೆ, ನಟನೆಗಲ್ಲ.

ನನಗೆ ಈ ಕಥೆಯಲ್ಲಿ ಕಾಡುವುದು ಇನ್ನೊಂದು ಕಡೆ. ಎಪ್ಪತ್ತರ ದಶಕ ಮುಗಿಯೋ ಹೊತ್ತಿಗೆ ರಾಜ್ ಚಿತ್ರಗಳಲ್ಲಿ ಪಿಬಿಎಸ್ ದನಿ ಹೆಚ್ಚುಕಡಿಮೆ ನಿಂತೇ ಹೋಯಿತು. ಅವರ ಗಂಟಲು ಕೆಟ್ಟಿರಲಿಲ್ಲ, ಕಲಿತದ್ದು ಮರೆತಿರಲಿಲ್ಲ. ಆ ದನಿಗೆ ಅಂಟಿಕೊಂಡಿದ್ದ ಮುಖ ತನ್ನ ದನಿಯನ್ನು ತಾನೇ ಹಾಡತೊಡಗಿತು, ಅಷ್ಟೇ. ಆಮೇಲೆ ಅವರು ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ದಿನಾ ಕೂತು, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಇಟ್ಟುಕೊಂಡು, ಏಳೆಂಟು ಭಾಷೆಗಳಲ್ಲಿ ಪದ್ಯ ಬರೆಯುತ್ತಿದ್ದರು. ನೋಡೋಕೆ ಬಂದವರಿಗೆ ಅಲ್ಲೇ ಸಿಗುತ್ತಿದ್ದರು. 2013ರಲ್ಲಿ ತೀರಿಕೊಂಡರು. ಖ್ಯಾತಿ ಪ್ರತಿಭೆಯ ಅಳತೆಗೋಲು ಅನ್ನುವವರು ಯಾರಾದರೂ ಸಿಕ್ಕರೆ, 1970ಕ್ಕೂ 1980ಕ್ಕೂ ನಡುವೆ ಪಿಬಿಎಸ್ ಪ್ರತಿಭೆ ಎಷ್ಟು ಕಮ್ಮಿ ಆಯಿತು ಅಂತ ಕೇಳಿ ನೋಡಿ.

ಆಟೋಟ್ಯೂನ್ ಇದ್ದರೆ ಯಾರು ಬೇಕಾದರೂ ಹಾಡಬಹುದಂತೆ, ನಿಜವಾ?
— ಓದುಗಿ, ಬೆಂಗಳೂರು

ಶ್ರುತಿ ತಪ್ಪಿದ್ದನ್ನು ಅದು ಜಾಗಕ್ಕೆ ತಂದು ಕೂರಿಸುತ್ತೆ. ಅದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮೊದಲು ಭೂಮಿಯೊಳಗೆ ಎಣ್ಣೆ ಎಲ್ಲಿದೆ ಅಂತ ಶಬ್ದದ ಅಲೆಗಳಿಂದ ಹುಡುಕುವ ಕೆಲಸದಲ್ಲಿದ್ದವರು. 1997ರಲ್ಲಿ ಬಂತು, ಮುಂದಿನ ವರ್ಷ ಶೇರ್ ಅನ್ನೋ ಅಮೆರಿಕದ ಗಾಯಕಿ ಅದನ್ನು ಬೇಕಂತಲೇ ಜಾಸ್ತಿ ಹಾಕಿಸಿಕೊಂಡು ಹಿಟ್ ಕೊಟ್ಟರು. ಆಕೆಗೆ ಅದರ ಅಗತ್ಯವೇ ಇರಲಿಲ್ಲ, ಅದು ಬೇರೆ ಮಾತು.

ಶ್ರುತಿ ಸರಿ ಮಾಡಬಹುದು. ಪದ ಒಡೆಯುವ ಜಾಗ, ‘ಳ’ಕಾರ, ಒಂದು ಸಾಲನ್ನು ಎಲ್ಲಿ ಮೆಲ್ಲಗೆ ಬಿಡಬೇಕು ಅನ್ನೋದು, ಇದನ್ನೆಲ್ಲ ಯಾವ ಯಂತ್ರ ತುಂಬುತ್ತೆ? ಕೇಳಿದಾಗ ಎಲ್ಲಾ ಸರಿಯಾಗಿದೆ ಆದರೂ ಏನೋ ಸಪ್ಪೆ ಅನಿಸುವ ಹಾಡುಗಳಿವೆಯಲ್ಲ, ಅವುಗಳಲ್ಲಿ ಎಷ್ಟೋ ಹೀಗೆ ತಿದ್ದಿದವು.

ನಮ್ಮ ಊರಲ್ಲಿ ಸಂಗೀತ ಅಂದರೆ ಶಾಸ್ತ್ರೀಯ. ನಿಜವಾದ ಪ್ರತಿಭೆ ಅಲ್ಲಿ, ಬರೀ ಹೆಸರು ಸಿನಿಮಾದವರಿಗೆ. ಒಪ್ತೀರಾ?
— ಓದುಗರು, ಧಾರವಾಡ

ಧಾರವಾಡದವರಿಗೆ ಹೀಗೆ ಹೇಳುವ ಹಕ್ಕಿದೆ. ಆದರೆ ಒಪ್ಪುವುದಿಲ್ಲ.

1956ರಲ್ಲಿ ‘ಬಸಂತ್ ಬಹಾರ್’ ಅಂತ ಹಿಂದಿ ಚಿತ್ರ ಬಂತು. ಅದರಲ್ಲಿ ಇಬ್ಬರು ಗಾಯಕರ ಸ್ಪರ್ಧೆ, ಹೀರೋ ಗೆಲ್ಲಬೇಕು. ಹೀರೋಗೆ ಮನ್ನಾ ಡೇ, ಎದುರಾಳಿಗೆ ನಮ್ಮ ಗದಗಿನ ಭೀಮಸೇನ ಜೋಶಿ! ಭೀಮಸೇನರನ್ನು ಸೋಲಿಸಬೇಕು ಅಂದ ಕೂಡಲೇ ಮನ್ನಾ ಡೇ ಊರು ಬಿಟ್ಟು ಓಡಿಹೋಗುವ ಯೋಚನೆ ಮಾಡಿದ್ದರು, ಹೆಂಡತಿ ಬುದ್ಧಿ ಹೇಳಿ ನಿಲ್ಲಿಸಿದರು. ಕೊನೆಗೆ ಹಾಡಿದರು, ಚೆನ್ನಾಗಿಯೇ ಹಾಡಿದರು. ಕಛೇರಿಯಲ್ಲಿ ಭೀಮಸೇನರ ಎದುರು ನಿಲ್ಲಲಾರೆ ಅಂತ ಮನ್ನಾ ಡೇಗೇ ಗೊತ್ತಿತ್ತು. ಆದರೆ ಸಿನಿಮಾ ಹಾಡಿನ ಕೆಲಸ ಬೇರೆ. ಮೂರು-ನಾಲ್ಕು ನಿಮಿಷ, ಬೇರೆಯವರ ಮುಖ, ಕಥೆಯ ಒಂದು ಗಳಿಗೆ, ರಾಗದ ಹೆಸರೂ ಗೊತ್ತಿಲ್ಲದ ಕೇಳುಗ. ಅವನ ಮನಸ್ಸಿಗೆ ಮೊದಲ ಸಾಲಿನಲ್ಲೇ ಇಳಿಯಬೇಕು. ಒಂದು ಗಂಟೆ ರಾಗ ಬೆಳೆಸುವವರಿಗೆ ಇದು ತಾನಾಗಿ ಬರಲ್ಲ. ಎಷ್ಟೋ ದೊಡ್ಡ ವಿದ್ವಾಂಸರ ಸಿನಿಮಾ ಹಾಡು ಕೇಳಿ, ಪಾಂಡಿತ್ಯ ಕಾಣುತ್ತೆ, ಪಾತ್ರ ಕಾಣಲ್ಲ.

ಎಸ್.ಪಿ. ಬಾಲಸುಬ್ರಹ್ಮಣ್ಯಂ ಶಾಸ್ತ್ರೀಯವಾಗಿ ಕಲಿತವರಲ್ಲ. ಅವರಿಗೆ ಬಂದ ಆರು ರಾಷ್ಟ್ರ ಪ್ರಶಸ್ತಿಗಳಲ್ಲಿ ಮೊದಲನೆಯದು ‘ಶಂಕರಾಭರಣಂ’ಗೆ, ಕನ್ನಡಕ್ಕೆ ಬಂದದ್ದು ಹಂಸಲೇಖ ಸಂಗೀತದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರದ ‘ಉಮಂಡ ಘುಮಂಡ’ಕ್ಕೆ. ಎರಡೂ ಶಾಸ್ತ್ರೀಯ ಸಂಗೀತಗಾರರ ಕಥೆ! ನಿಮ್ಮ ಪಕ್ಕದ ಗದಗಿನ ಪುಣ್ಯಾಶ್ರಮದ ಗವಾಯಿಗಳ ದನಿಯಾಗೋಕೆ ಅವರಿಗೆ ಸಾಧ್ಯವಾದದ್ದು ರಾಗಜ್ಞಾನದಿಂದಲ್ಲ, ಕೇಳಿದ್ದನ್ನು ಹಾಗೇ ಹಿಡಿದು ಪಾತ್ರದ ಬಾಯಿಗೆ ಕೊಡುವ ಕಸುಬಿನಿಂದ. ಇದನ್ನೂ ಪ್ರತಿಭೆ ಅನ್ನದಿದ್ದರೆ ಯಾವುದನ್ನು ಅನ್ನೋಣ?

ಹಾಡುಗಾರರ ಬಗ್ಗೆ ಇಷ್ಟು ಮಾತಾಡ್ತೀರಲ್ಲ, ನೀವು ಹಾಡ್ತೀರಾ?
— ಓದುಗ, ತುಮಕೂರು

ಹಾಡಿದ್ದೆ. ಪಕ್ಕದ ಮನೆಯವರು ಬಂದು ‘ಕರೆದಿರಾ?’ ಅಂತ ಕೇಳಿದರು.

ಪ್ರತಿಭೆ ಇದ್ದೂ ಹೆಸರು ಬಾರದವರು ಅಂತ ಎಲ್ಲರೂ ಹೇಳ್ತಾರೆ. ಯಾರು ಅವರು? ಎಲ್ಲಿದ್ದಾರೆ?
— ಓದುಗಿ, ಮೈಸೂರು

ನಿಮಗೆ ಗೊತ್ತಿರುವ ಹಾಡುಗಳ ಒಳಗೇ ಇದ್ದಾರೆ.

ಸ್ಟುಡಿಯೋದಲ್ಲಿ ‘ಟ್ರ್ಯಾಕ್ ಹಾಡಿಸೋದು’ ಅಂತ ಒಂದಿದೆ. ದೊಡ್ಡ ಗಾಯಕರ ಡೇಟ್ ಸಿಗೋ ತನಕ ಕೆಲಸ ನಿಲ್ಲಿಸೋಕೆ ಆಗಲ್ಲ. ಆಗ ಒಬ್ಬ ಟ್ರ್ಯಾಕ್ ಗಾಯಕನನ್ನು ಕರೆಸುತ್ತಾರೆ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಇಟ್ಟುಕೊಂಡು ಟ್ಯೂನ್ ಹೇಳಿಕೊಡ್ತಾರೆ, ಆತ ಅರ್ಧ ಗಂಟೆಯಲ್ಲಿ ಕಲಿತು, ಭಾವ ತುಂಬಿ, ಎಲ್ಲಿ ಗಮಕ ಎಲ್ಲಿ ನಿಲುಗಡೆ ಅಂತ ತಾನೇ ತೀರ್ಮಾನ ಮಾಡಿ ಹಾಡಿ ಹೋಗುತ್ತಾನೆ. ಅದರ ಮೇಲೆ ಶೂಟಿಂಗ್ ಕೂಡ ಆಗಿರುತ್ತೆ. ಆಮೇಲೆ ದೊಡ್ಡವರು ಬಂದು, ಹೆಡ್‌ಫೋನಿನಲ್ಲಿ ಆ ದನಿ ಕೇಳಿಕೊಂಡು, ಅದೇ ಜಾಡಿನಲ್ಲಿ ಹಾಡುತ್ತಾರೆ. ಮೊದಲನೆಯ ದನಿ ಅಳಿಸಿಹೋಗುತ್ತೆ. ನಾವು ‘ಅಬ್ಬಾ, ಆ ಸಾಲನ್ನು ಏನು ಎಳೆದಿದ್ದಾರೆ’ ಅಂತ ಮೆಚ್ಚಿಕೊಂಡಿದ್ದರಲ್ಲಿ ಎಷ್ಟು ಯಾರದು ಅಂತ ಹೇಳೋಕೆ ಆ ಕೋಣೆಯಲ್ಲಿದ್ದ ನಾಲ್ಕು ಜನಕ್ಕೆ ಬಿಟ್ಟು ಇನ್ಯಾರಿಗೂ ಆಗಲ್ಲ.

ಇನ್ನು ಸಂಗೀತ ನಿರ್ದೇಶಕರು. ಜಿ.ಕೆ. ವೆಂಕಟೇಶ್ ಹೆಸರು ಮೇಲೆ ಬಂತು. ಅವರ ತಂಡದಲ್ಲಿ ಸಹಾಯಕನಾಗಿದ್ದ ಯುವಕ 1976ರಲ್ಲಿ ತಮಿಳಿನಲ್ಲಿ ತನ್ನ ಮೊದಲ ಚಿತ್ರ ಮಾಡಿದ. ಅವರೇ ಇಳಯರಾಜ. ಇವತ್ತು ದೇಶದಲ್ಲಿ ಇಳಯರಾಜ ಗೊತ್ತಿಲ್ಲದವರಿಲ್ಲ, ಗುರುವಿನ ಹೆಸರು ಕರ್ನಾಟಕದ ಗಡಿ ದಾಟಿದರೆ ಬಹಳ ಜನಕ್ಕೆ ಗೊತ್ತಿಲ್ಲ. ಕನ್ನಡದ ಮಾರುಕಟ್ಟೆ ಚಿಕ್ಕದು ಅನ್ನೋದು ಒಂದು ಕಾರಣ. ಇಳಯರಾಜ ಬೇರೆಯೇ ಎತ್ತರದವರು ಅನ್ನೋದು ಇನ್ನೊಂದು, ಅದನ್ನೂ ಒಪ್ಪಬೇಕು.

ನಿಮ್ಮ ಊರಿನವರೇ ಇನ್ನೊಬ್ಬರು, ಮೈಸೂರು ಅನಂತಸ್ವಾಮಿ. ‘ಜಯ ಭಾರತ ಜನನಿಯ ತನುಜಾತೆ’ ಶಾಲೆಯಲ್ಲಿ ಹಾಡದವರು ಯಾರು? ಬರೆದದ್ದು ಕುವೆಂಪು ಅಂತ ಮಕ್ಕಳು ಥಟ್ಟನೆ ಹೇಳ್ತಾರೆ. ರಾಗ ಹಾಕಿದ್ದು ಯಾರು ಅಂದರೆ ಮೇಷ್ಟ್ರೂ ಸುಮ್ಮನಾಗ್ತಾರೆ. ಅವರ ಧಾಟಿಯೋ ಸಿ. ಅಶ್ವತ್ಥ್ ಧಾಟಿಯೋ ಅಂತ ವರ್ಷಗಟ್ಟಲೆ ಚರ್ಚೆ ನಡೆದು, ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿ ಧಾಟಿಯನ್ನು ಅಧಿಕೃತ ಮಾಡಿತು. ಅವರು ತೀರಿಕೊಂಡು ಆಗಲೇ 27 ವರ್ಷ ಆಗಿತ್ತು.

ಕನ್ನಡದಲ್ಲಿ ಗಾಯಕರೇ ಇಲ್ವಾ? ಯಾಕೆ ಮುಂಬೈಯವರನ್ನು ಕರೆಸ್ತಾರೆ?
— ಓದುಗ, ಮಂಗಳೂರು

ಇದ್ದಾರೆ, ಬೇಕಾದಷ್ಟು. ಆದರೆ ನಿರ್ಮಾಪಕ ಗಾಯಕನ ಜೊತೆ ಭರವಸೆಯನ್ನೂ ಕೊಂಡುಕೊಳ್ತಾನೆ. ಗೊತ್ತಿರುವ ಹೆಸರು ಇದ್ದರೆ ಆಡಿಯೋ ಕಂಪನಿ ಬೇಗ ಒಪ್ಪುತ್ತೆ, ಟಿವಿಯವರು ಹಾಕ್ತಾರೆ. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಂತು. ಜಯಂತ ಕಾಯ್ಕಿಣಿ ಬರೆದು, ಮನೋಮೂರ್ತಿ ರಾಗ ಹಾಕಿ, ಸೋನು ನಿಗಮ್ ಹಾಡಿದ ‘ಅನಿಸುತಿದೆ ಯಾಕೋ ಇಂದು’ ಊರೂರಲ್ಲಿ ಮೊಳಗಿತು. ಆಮೇಲೆ ಗಾಂಧಿನಗರದಲ್ಲಿ ಎಲ್ಲರಿಗೂ ಅದೇ ದನಿ ಬೇಕಾಯಿತು. ಆ ಹಾಡನ್ನು ಅವರು ಚೆನ್ನಾಗಿಯೇ ಹಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಬಂದ ಹತ್ತಾರು ಹಾಡುಗಳಿಗೆ ಅವರೇ ಬೇಕಿತ್ತಾ ಅಂದರೆ, ನನ್ನ ಕಿವಿಗಂತೂ ಇಲ್ಲ.

ತಮಾಷೆ ಏನಂದರೆ ನಮ್ಮ ಮೈಸೂರಿನ ವಿಜಯ್ ಪ್ರಕಾಶ್ ಹೆಸರು ಮಾಡೋಕೆ ಮುಂಬೈಗೆ ಹೋಗಬೇಕಾಯಿತು. ‘ಜೈ ಹೋ’ ಹಾಡಿದವರಲ್ಲಿ ಒಬ್ಬರು ಅಂತ ಗೊತ್ತಾದ ಮೇಲೆ ಇಲ್ಲಿ ಕರೆದು ಕೂರಿಸಿದೆವು.

ಮಗಳಿಗೆ ಹನ್ನೊಂದು ವರ್ಷ. ಚೆನ್ನಾಗಿ ಹಾಡ್ತಾಳೆ. ರಿಯಾಲಿಟಿ ಶೋಗೆ ಕಳಿಸಿ ಅಂತ ನೆಂಟರೆಲ್ಲ ಹೇಳ್ತಾರೆ. ಕಳಿಸಲಾ?
— ಒಬ್ಬ ತಾಯಿ, ಹೊಸಪೇಟೆ

ಕಳಿಸಿ, ಆದರೆ ಅಲ್ಲಿ ಏನು ಸಿಗುತ್ತೆ ಅಂತ ತಿಳಿದುಕೊಂಡು ಕಳಿಸಿ. ಅಲ್ಲಿ ಸಿಗೋದು ಹೆಸರು. ಸಂಗೀತ ಮನೆಯಿಂದಲೇ ತಗೊಂಡು ಹೋಗಬೇಕು.

ಟಿವಿ ದನಿಯಷ್ಟೇ ಮುಖವನ್ನೂ, ಕಥೆಯನ್ನೂ ನೋಡುತ್ತೆ. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಸರಿಗಮಪದಲ್ಲಿ ರನ್ನರ್ ಅಪ್ ಆದರು. ಜನಪದ ಹಾಡಿನಲ್ಲಿ ಅವರ ಗಂಟಲು ಅಪ್ಪಟ. ಆದರೆ ಮನೆಮನೆಗೆ ಅವರನ್ನು ತಂದದ್ದು ಬರೀ ಗಂಟಲಲ್ಲ, ಆ ಲುಂಗಿ, ಆ ಮುಗ್ಧ ಮಾತು. ಮುಂದೆ 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದರು, ಅಲ್ಲಿ ಹಾಡು ಮುಖ್ಯವೇ ಅಲ್ಲ. ಅವರಿಗೆ ಒಳ್ಳೆಯದಾಯಿತು, ನನಗೂ ಖುಷಿ. ಆದರೆ ಅದೇ ಶೋಗಳಲ್ಲಿ ಅಷ್ಟೇ ಚೆನ್ನಾಗಿ ಹಾಡಿ, ಹೇಳಿಕೊಳ್ಳೋಕೆ ಕಥೆ ಇಲ್ಲದೆ ಮೂರನೇ ವಾರಕ್ಕೆ ಮನೆಗೆ ಹೋದ ಮಕ್ಕಳ ಹೆಸರು ನಿಮಗೆ ನೆನಪಿದೆಯಾ? ನನಗೂ ಇಲ್ಲ.

ಮೇಲೆ ಹೇಳಿದ ವಿಜಯ್ ಪ್ರಕಾಶ್ ಕೂಡ ಹಿಂದಿಯ ಸರಿಗಮದಲ್ಲಿ ಸ್ಪರ್ಧಿಯಾಗಿದ್ದವರು. ಅದಾದ ಮೇಲೆ ‘ಜೈ ಹೋ’ ಬರೋಕೆ ಸುಮಾರು ಹತ್ತು ವರ್ಷ ಹಿಡಿಯಿತು. ಆ ನಡುವಿನ ವರ್ಷಗಳನ್ನು ಟಿವಿಯಲ್ಲಿ ತೋರಿಸಲ್ಲ.

ಮೂರು ವಿಷಯ ಮಾತ್ರ ಗಮನದಲ್ಲಿಟ್ಟುಕೊಳ್ಳಿ. ಸಹಿ ಹಾಕುವ ಮೊದಲು ಕರಾರು ಪತ್ರ ಪೂರ್ತಿ ಓದಿ, ಎಷ್ಟು ದಿನ ಬೇರೆ ಕಡೆ ಹಾಡಬಾರದು ಅಂತ ಏನಾದರೂ ಬರೆದಿದೆಯಾ ನೋಡಿ. ಶೂಟಿಂಗ್ ದಿನಗಳಲ್ಲಿ ಶಾಲೆ ಎಷ್ಟು ತಪ್ಪುತ್ತೆ ಅಂತ ಮೊದಲೇ ಕೇಳಿ, ರಾತ್ರಿ ಎಷ್ಟು ಹೊತ್ತಿನ ತನಕ ಮಗುವನ್ನು ಕೂರಿಸ್ತಾರೆ ಅಂತಲೂ ಕೇಳಿ. ಸೋತು ಬಂದರೆ ಮರುದಿನ ಬೆಳಿಗ್ಗೆ ಸಂಗೀತದ ಕ್ಲಾಸಿಗೆ ಕಳಿಸಿ, ಗೆದ್ದು ಬಂದರೂ ಕಳಿಸಿ. ನೆಂಟರ ಮಾತು ಬಿಡಿ, ಹೋಗಬೇಕು ಅಂತ ಮಗಳಿಗೇ ಆಸೆ ಇದೆಯಾ? ನಿಮ್ಮ ಪತ್ರದಲ್ಲಿ ಅದೊಂದು ಬರೆದಿಲ್ಲ.